ಬೀಟಾ ಬ್ಲಾಕರ್ ಮಾತ್ರೆ ಸೈಡ್ ಎಫೆಕ್ಟ್: ಯಾವುದನ್ನ ಸ್ವಲ್ಪ ದಿನ ತಡ್ಕೋಬಹುದು, ಯಾವುದಕ್ಕೆ ಆಸ್ಪತ್ರೆಗೆ ಓಡಬೇಕು

"ಹಾರ್ಟಿಗೆ ಅಂತ ಮೆಟೊಪ್ರೊಲಾಲ್ ಕೊಟ್ಟಿದಾರೆ, ಶುರು ಮಾಡಿದಾಗಿಂದ ಮೈಯಲ್ಲಿ ಶಕ್ತಿನೇ ಇಲ್ಲ, ನಿಲ್ಲಿಸ್ಬಿಡ್ಲಾ?" ಈ ಪ್ರಶ್ನೆ ಪದೇ ಪದೇ ಬರ್ತಾನೇ ಇರತ್ತೆ, ಅದಕ್ಕೆ ಒಬ್ಬೊಬ್ಬರಿಗೆ ಬೇರೆಬೇರೆ ಉತ್ತರ ಬರೆಯೋ ಬದಲು ಎಲ್ಲಾ ಒಂದೇ ಕಡೆ ಬರೆದಿಡ್ತಿದೀನಿ. ಮಾತ್ರೆ ಹೆಸರು ಮಾತ್ರ ಬದಲಾಗತ್ತೆ, ಅಟೆನೊಲಾಲ್, ಬಿಸೊಪ್ರೊಲಾಲ್, ಕಾರ್ವೆಡಿಲಾಲ್, ನೆಬಿವೊಲಾಲ್, ಪ್ರೊಪ್ರನೊಲಾಲ್, ಪ್ರಶ್ನೆ ಅದೇ. ಇವೆಲ್ಲ ಒಂದೇ ಗುಂಪಿನ ಮಾತ್ರೆಗಳು, ಗುಂಪಿನ ಹೆಸರು ಬೀಟಾ ಬ್ಲಾಕರ್.

ಪೂರ್ತಿ ಓದೋಕೆ ಪುರುಸೊತ್ತಿಲ್ಲದೋರಿಗೆ ಮುಖ್ಯ ವಿಷಯ ಮೊದಲೇ ಹೇಳಿಬಿಡ್ತೀನಿ. ನಿಮ್ಮಷ್ಟಕ್ಕೆ ನೀವೇ ದಿಢೀರ್ ಅಂತ ನಿಲ್ಲಿಸ್ಬೇಡಿ. ಈ ಮಾತ್ರೆ ಕೊಡೋ ತೊಂದರೆಗಳಲ್ಲಿ ಬಹುಪಾಲು ಡೋಸ್ ಕಮ್ಮಿ ಮಾಡಿದ್ರೋ, ತಗೊಳ್ಳೋ ಹೊತ್ತು ಬದಲಿಸಿದ್ರೋ, ಇದೇ ಗುಂಪಿನ ಬೇರೆ ಮಾತ್ರೆಗೆ ಹೋದ್ರೋ ಸರಿಹೋಗತ್ತೆ, ಆದ್ರೆ ಒಮ್ಮೆಗೇ ಬಿಟ್ರೆ ಆಗೋ ಅನಾಹುತ ಸೈಡ್ ಎಫೆಕ್ಟ್‌ಗಿಂತ ದೊಡ್ಡದಾಗಬಹುದು. ಡಾಕ್ಟರ್ ಹತ್ರ ಹೋಗೋ ಮುಂಚೆ ನಿಮ್ಮ ಕೈಲಿ ಆಗೋ ಕೆಲಸ ಒಂದಿದೆ, ಅಳೆಯೋದು ಮತ್ತೆ ಬರೆದಿಡೋದು. ಅದನ್ನ ಹೇಗೆ ಮಾಡೋದು ಅನ್ನೋದೇ ಈ ಲೇಖನ.

ಮೊದಲು ಇಷ್ಟು ಹತ್ರ ಇಟ್ಕೊಳ್ಳಿ: ಮಾತ್ರೆ ಸ್ಟ್ರಿಪ್, ಡಾಕ್ಟರ್ ಬರೆದುಕೊಟ್ಟ ಚೀಟಿ, ಸೆಕೆಂಡ್ ತೋರಿಸೋ ಗಡಿಯಾರ ಅಥವಾ ಫೋನು, ಒಂದು ಸಣ್ಣ ನೋಟ್‌ಬುಕ್, ಸಾಧ್ಯವಾದ್ರೆ ತೋಳಿಗೆ ಕಟ್ಟೋ ಬಿಪಿ ಮೆಷಿನ್. ಜೊತೆಗೆ ನೀವು ತಗೊಳ್ತಿರೋ ಬೇರೆ ಎಲ್ಲಾ ಔಷಧಿಗಳ ಪಟ್ಟಿ. ಎಲ್ಲಾ ಅಂದ್ರೆ ಎಲ್ಲಾ, ಕಣ್ಣಿಗೆ ಹಾಕ್ಕೊಳ್ಳೋ ಡ್ರಾಪ್ಸ್, ಶೀತಕ್ಕೆ ಕುಡಿಯೋ ಸಿರಪ್, ಮಂಡಿ ನೋವಿನ ಮಾತ್ರೆ, ಗಿಡಮೂಲಿಕೆ ಪುಡಿ ಕೂಡ.

1. ನಿಮ್ಮದು ಯಾವ ಮಾತ್ರೆ, ಯಾತಕ್ಕೆ ಕೊಟ್ಟಿದಾರೆ ಅಂತ ಗೊತ್ತು ಮಾಡ್ಕೊಳ್ಳಿ

ಸ್ಟ್ರಿಪ್ ಮೇಲೆ ದಪ್ಪ ಅಕ್ಷರದಲ್ಲಿರೋದು ಕಂಪನಿ ಇಟ್ಟ ಹೆಸರು, ಅದನ್ನ ಬಿಡಿ. ಅದರ ಕೆಳಗೆ ಚಿಕ್ಕದಾಗಿ ಔಷಧಿಯ ನಿಜವಾದ ಹೆಸರು ಇರತ್ತೆ, ಅದು ಬೇಕು. ಮೆಟೊಪ್ರೊಲಾಲ್ ಆಗಿದ್ರೆ ಇನ್ನೊಂದು ಪದ ಹುಡುಕಿ, ಟಾರ್ಟ್ರೇಟ್ ಅಂತಿದೆಯಾ ಸಕ್ಸಿನೇಟ್ ಅಂತಿದೆಯಾ. ಟಾರ್ಟ್ರೇಟ್ ಬೇಗ ಕೆಲಸ ಮಾಡಿ ಬೇಗ ಇಳಿಯತ್ತೆ, ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ತಗೊಳ್ಳೋದು. ಸಕ್ಸಿನೇಟ್ ಇಡೀ ದಿನ ನಿಧಾನಕ್ಕೆ ಬಿಡುಗಡೆ ಆಗೋ ಹಾಗೆ ಮಾಡಿರ್ತಾರೆ, ದಿನಕ್ಕೆ ಒಂದೇ ಸಲ. ಹೆಸರು ಒಂದೇ ಅಂದ್ಕೊಂಡು ಒಂದರ ಬದಲು ಇನ್ನೊಂದನ್ನ ತಂದು ನುಂಗೋರು ಇದಾರೆ, ಹಾಗೆ ಮಾಡಿದಾಗ ಬರೋ ತಲೆಸುತ್ತನ್ನ ಮಾತ್ರೆ ಸೈಡ್ ಎಫೆಕ್ಟ್ ಅನ್ನೋಕಾಗಲ್ಲ, ಅದು ಮಾತ್ರೆ ಅದಲುಬದಲಾಗಿದ್ದರ ಫಲ.

ನಿಧಾನಕ್ಕೆ ಬಿಡುಗಡೆ ಆಗೋ ಮಾತ್ರೇನ ಪುಡಿ ಮಾಡಬಾರದು, ಅಗಿಯಬಾರದು. ಪುಡಿ ಮಾಡಿದ್ರೆ ಇಡೀ ದಿನದ್ದು ಒಂದೇ ಏಟಿಗೆ ರಕ್ತಕ್ಕೆ ಸೇರಿ ಪಲ್ಸು ಬಿಪಿ ಎರಡೂ ಕುಸಿಯಬಹುದು. ಕೆಲವು ಮಾತ್ರೆಗಳ ಮಧ್ಯೆ ಗೆರೆ ಇರತ್ತೆ, ಅಂಥದ್ದನ್ನ ಅರ್ಧ ಮಾಡಬಹುದಾ ಅಂತ ಮೆಡಿಕಲ್ ಶಾಪಲ್ಲಿ ಕೇಳಿ, ಗೆರೆ ಇಲ್ಲದಿದ್ರೆ ಮುರಿಯೋ ಯೋಚನೆನೇ ಬೇಡ. ಇನ್ನೊಂದು ವಿಷಯ, ಒಂದೇ ಮಾತ್ರೆಯಲ್ಲಿ ಎರಡು ಔಷಧಿ ಸೇರಿಸಿರೋದೂ ಉಂಟು, ಉದಾಹರಣೆಗೆ ಬೀಟಾ ಬ್ಲಾಕರ್ ಜೊತೆ ಆಮ್ಲೊಡಿಪಿನ್ ಅನ್ನೋ ಬೇರೆ ಗುಂಪಿನ ಬಿಪಿ ಔಷಧಿ. ನಿಮಗೆ ಪಾದ ಊದ್ಕೊಳ್ತಿದ್ರೆ ತಪ್ಪು ಬೀಟಾ ಬ್ಲಾಕರ್‌ದೇ ಆಗಿರಬೇಕಿಲ್ಲ, ಆಮ್ಲೊಡಿಪಿನ್‌ಗೆ ಪಾದ ಊದಿಸೋ ಗುಣ ಇದೆ.

ಆಮೇಲೆ ಯಾತಕ್ಕೆ ಕೊಟ್ಟಿದಾರೆ ಅನ್ನೋದು. ಬಿಪಿಗೆ, ಎದೆನೋವಿಗೆ, ಹಾರ್ಟ್ ಅಟ್ಯಾಕ್ ಆದ್ಮೇಲೆ, ಎದೆಬಡಿತ ಅಡ್ಡಾದಿಡ್ಡಿ ಆಗೋದಕ್ಕೆ, ಹಾರ್ಟ್ ಫೇಲ್ಯೂರ್‌ಗೆ, ಮೈಗ್ರೇನ್ ಬರದೇ ಇರೋದಕ್ಕೆ, ಕೈ ನಡುಕಕ್ಕೆ, ಹೀಗೆ ಕಾರಣ ಬೇಕಾದಷ್ಟು. (ಹಾರ್ಟ್ ಫೇಲ್ಯೂರ್ ಅಂದ್ರೆ ಹೃದಯ ನಿಂತುಹೋಗೋದು ಅಲ್ಲ, ಮೈಗೆ ಬೇಕಾದಷ್ಟು ರಕ್ತ ಪಂಪ್ ಮಾಡೋಕೆ ಅದಕ್ಕೆ ಕಷ್ಟ ಆಗ್ತಿದೆ ಅಂತ.) ಕಾರಣ ಗೊತ್ತಿಲ್ಲದೆ ಸೈಡ್ ಎಫೆಕ್ಟ್ ತೂಗೋಕೆ ಆಗಲ್ಲ. ಬರೀ ಬಿಪಿಗೆ ಅಂತ ಕೊಟ್ಟಿದ್ರೆ ಬದಲಿಗೆ ಬೇರೆ ಗುಂಪಿನ ಮಾತ್ರೆ ಬೇಕಾದಷ್ಟಿದೆ, ಸುಲಭವಾಗಿ ಬದಲಾಯಿಸ್ತಾರೆ. ಪಂಪಿಂಗ್ ಕಮ್ಮಿ ಇರೋ ಹಾರ್ಟ್ ಫೇಲ್ಯೂರ್‌ಗೆ ಅಂತ ಕೊಟ್ಟಿದ್ರೆ ಲೆಕ್ಕವೇ ಬೇರೆ, ಅಲ್ಲಿ ಇದು ಆಯುಸ್ಸು ಹೆಚ್ಚಿಸೋ ಔಷಧಿ. 1999ರಲ್ಲಿ ಬಂದ ಮೆರಿಟ್-ಎಚ್ಎಫ್ ಅನ್ನೋ ದೊಡ್ಡ ಅಧ್ಯಯನದಲ್ಲಿ ಮೆಟೊಪ್ರೊಲಾಲ್ ಸಕ್ಸಿನೇಟ್ ತಗೊಂಡ ಗುಂಪಲ್ಲಿ ಸಾವು ಶೇ. 34ರಷ್ಟು ಕಮ್ಮಿ ಆಗಿತ್ತು. ಅಂಥ ಕಡೆ ಸ್ವಲ್ಪ ಸುಸ್ತು ಅಂತ ಸುಲಭಕ್ಕೆ ಬಿಡೋ ಮಾತಲ್ಲ.

2. ಇದು ಮೈಯೊಳಗೆ ಏನು ಮಾಡತ್ತೆ ಅನ್ನೋದನ್ನ ಒಂದು ಸಲ ಅರ್ಥ ಮಾಡ್ಕೊಳ್ಳಿ

ಗಾಬರಿ ಆದಾಗ, ಓಡಿದಾಗ, ಸಿಟ್ಟು ಬಂದಾಗ ಎದೆ ಡವಡವ ಅನ್ನತ್ತಲ್ಲ, ಅದು ಅಡ್ರಿನಾಲಿನ್ ಮತ್ತೆ ಅದರ ಜೊತೆಗಾರ ಹಾರ್ಮೋನ್ ಕೆಲಸ. ಅವು ಹೃದಯದ ಮೇಲಿರೋ ರಿಸೆಪ್ಟರ್ ಅನ್ನೋ ಜಾಗದಲ್ಲಿ ಬಂದು ಕೂತಾಗ ಬಡಿತ ಜೋರಾಗತ್ತೆ. ಬೀಟಾ ಬ್ಲಾಕರ್ ಮೊದಲೇ ಹೋಗಿ ಆ ಸೀಟು ಹಿಡಿದು ಕೂತ್ಕೊಂಡುಬಿಡತ್ತೆ, ಅಡ್ರಿನಾಲಿನ್ ಬಂದ್ರೂ ಜಾಗ ಇರಲ್ಲ. ಬಡಿತ ನಿಧಾನ ಆಗತ್ತೆ, ಬಿಪಿ ಇಳಿಯತ್ತೆ, ಹೃದಯಕ್ಕೆ ಬೇಕಾಗೋ ಆಮ್ಲಜನಕ ಕಮ್ಮಿ ಸಾಕಾಗತ್ತೆ. 1960ರ ದಶಕದಲ್ಲಿ ಜೇಮ್ಸ್ ಬ್ಲ್ಯಾಕ್ ಅನ್ನೋ ಸ್ಕಾಟ್ಲೆಂಡಿನ ವಿಜ್ಞಾನಿ ಪ್ರೊಪ್ರನೊಲಾಲ್ ಕಂಡುಹಿಡಿದಿದ್ದು ಈ ಲೆಕ್ಕಾಚಾರದ ಮೇಲೇನೇ, 1988ರಲ್ಲಿ ನೊಬೆಲ್ ಬಂದಾಗ ಈ ಕೆಲಸಾನೂ ಅದರಲ್ಲಿ ಸೇರಿತ್ತು.

ಇಂಥ ಸೀಟುಗಳು ಹೃದಯದಲ್ಲಿ ಮಾತ್ರ ಇಲ್ಲ ಅನ್ನೋದೇ ಸಮಸ್ಯೆ. ಹೃದಯದಲ್ಲಿ ಹೆಚ್ಚಾಗಿರೋದು ಬೀಟಾ-1, ಶ್ವಾಸನಾಳ ಮತ್ತೆ ರಕ್ತನಾಳದಲ್ಲಿ ಬೀಟಾ-2. ಮೆಟೊಪ್ರೊಲಾಲ್, ಅಟೆನೊಲಾಲ್, ಬಿಸೊಪ್ರೊಲಾಲ್, ನೆಬಿವೊಲಾಲ್ ಮುಖ್ಯವಾಗಿ ಬೀಟಾ-1ರ ಮೇಲೆ ಕೂರ್ತವೆ, ಪ್ರೊಪ್ರನೊಲಾಲ್ ಮತ್ತೆ ಕಾರ್ವೆಡಿಲಾಲ್ ಎರಡರ ಮೇಲೂ. ಡೋಸ್ ಜಾಸ್ತಿ ಆದಂಗೆ ಮೊದಲನೇ ಗುಂಪಿನವೂ ಈ ಭೇದ ಮರೀತವೆ. ಕೈಕಾಲು ತಣ್ಣಗಾಗೋದು, ಉಬ್ಬಸ ಜಾಸ್ತಿ ಆಗೋದು ಇವೆಲ್ಲ ಬಹುತೇಕ ಈ ಬೀಟಾ-2 ಕಡೆಯಿಂದ ಬರೋ ತೊಂದರೆಗಳು.

3. ಪಲ್ಸ್ ಎಣಿಸೋದು ಕಲೀರಿ

ಎಲ್ಲಕ್ಕಿಂತ ಉಪಯೋಗಕ್ಕೆ ಬರೋ ಕೆಲಸ ಇದು, ದಯವಿಟ್ಟು ಹಾರಿಸಿ ಓದ್ಬೇಡಿ. ಐದು ನಿಮಿಷ ಸುಮ್ನೆ ಕೂತ್ಕೊಳ್ಳಿ, ಮಾತು ಬೇಡ, ಫೋನು ಬೇಡ, ಕಾಲ ಮೇಲೆ ಕಾಲು ಬೇಡ. ಎಡಗೈ ಅಂಗೈ ಮೇಲೆ ಮಾಡಿ ಇಟ್ಟು, ಹೆಬ್ಬೆರಳ ಬುಡದಿಂದ ಮಣಿಕಟ್ಟಿನ ಕಡೆ ಸ್ವಲ್ಪ ಕೆಳಗೆ ಬಲಗೈಯ ತೋರುಬೆರಳು ಮಧ್ಯದ ಬೆರಳು ಎರಡನ್ನೂ ಮೆತ್ತಗೆ ಒತ್ತಿ. ಹೆಬ್ಬೆರಳಲ್ಲಿ ಹಿಡೀಬೇಡಿ, ಅದಕ್ಕೆ ಅದರದ್ದೇ ಬಡಿತ ಇರತ್ತೆ, ಲೆಕ್ಕ ತಪ್ಪತ್ತೆ. ಜೋರಾಗಿ ಒತ್ತಿದ್ರೆ ರಕ್ತ ಓಡೋದೇ ನಿಂತು ಏನೂ ಸಿಗಲ್ಲ, ಸಿಗ್ಲಿಲ್ಲ ಅಂದ್ರೆ ಬೆರಳನ್ನ ಹೊರಗಡೆ ಅಂಚಿನ ಕಡೆ ಒಂಚೂರು ಸರಿಸಿ ನೋಡಿ. ಸಿಕ್ಕಿದ್ಮೇಲೆ ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸೋದು ಬಡಿತ ಸರಿಯಾದ ತಾಳದಲ್ಲಿರೋರಿಗೆ ಓಕೆ, ತಾಳ ತಪ್ಪೋ ಬಡಿತ ಇರೋರಿಗೆ ಅದು ಮೋಸ ಮಾಡತ್ತೆ, ಬಿಪಿ ಮೆಷಿನ್ ತೋರಿಸೋ ಪಲ್ಸ್ ನಂಬರ್ ಕೂಡ ಅಂಥೋರಲ್ಲಿ ಅಷ್ಟು ನಂಬಿಕೆಗೆ ಯೋಗ್ಯ ಅಲ್ಲ.

ದಿನಾ ಒಂದೇ ಹೊತ್ತಿಗೆ, ಬೆಳಗ್ಗೆ ಮಾತ್ರೆ ತಗೊಳ್ಳೋ ಮುಂಚೆ ನೋಡೋದು ಒಳ್ಳೇದು. ಬೀಟಾ ಬ್ಲಾಕರ್ ತಗೊಳ್ತಿರೋರಿಗೆ ಪಲ್ಸ್ 50ರಿಂದ 60ರ ಮಧ್ಯೆ ಇದ್ದು ಆರಾಮಾಗಿದ್ರೆ ಸಾಮಾನ್ಯವಾಗಿ ಚಿಂತೆ ಇಲ್ಲ, ಮಾತ್ರೆ ಅದರ ಕೆಲಸ ಮಾಡ್ತಿದೆ ಅಷ್ಟೆ. 50ಕ್ಕಿಂತ ಕೆಳಗೆ ಪದೇ ಪದೇ ಹೋಗ್ತಿದ್ರೆ ಮುಂದಿನ ಡೋಸ್ ತಗೊಳ್ಳೋ ಮುಂಚೆ ಡಾಕ್ಟರಿಗೆ ಫೋನ್ ಮಾಡಿ ಕೇಳಿ. 40ಕ್ಕಿಂತ ಕೆಳಗೆ ಹೋಯ್ತು, ಅಥವಾ ಪಲ್ಸ್ ಕಮ್ಮಿ ಇರೋದ್ರ ಜೊತೆ ಕಣ್ಣು ಕತ್ತಲೆ ಬರೋದು, ಎಚ್ಚರ ತಪ್ಪೋದು, ಉಸಿರಾಟ ಕಷ್ಟ ಆಗೋದು ಇದ್ರೆ ಅದು ಎಮರ್ಜೆನ್ಸಿ. ನಿಮ್ಮ ಡಾಕ್ಟರ್ ನಿಮಗೇ ಅಂತ ಬೇರೆ ನಂಬರ್ ಹೇಳಿದ್ರೆ ಅದೇ ಫೈನಲ್, ಇಲ್ಲಿ ಬರೆದಿದ್ದಲ್ಲ.

4. ಯಾವ ತೊಂದರೆ ಯಾವಾಗ ಶುರುವಾಯ್ತು ಅಂತ ಒಂದೊಂದಾಗಿ ನೋಡಿ

ಸುಸ್ತು. ಮೊದಲ ಕೆಲವು ವಾರ ಮತ್ತೆ ಡೋಸ್ ಏರಿಸಿದ ಪ್ರತಿ ಸಲ ಇದು ಜಾಸ್ತಿ, ಆಮೇಲೆ ಬಹಳ ಜನಕ್ಕೆ ಮೈ ಒಗ್ಗಿಕೊಳ್ಳತ್ತೆ. ಆದ್ರೆ ಸುಸ್ತೆಲ್ಲಾ ಮಾತ್ರೆದೇ ಅಂತ ತೀರ್ಮಾನ ಮಾಡೋ ಮುಂಚೆ ಒಂದು ಲೆಕ್ಕ ನೋಡಿ. 2002ರಲ್ಲಿ ಹಲವಾರು ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದಾಗ, ಬೀಟಾ ಬ್ಲಾಕರ್ ತಗೊಂಡೋರಲ್ಲಿ ಔಷಧಿ ಇಲ್ಲದ ಡಮ್ಮಿ ಮಾತ್ರೆ ತಗೊಂಡೋರಿಗಿಂತ ಸುಸ್ತು ಹೆಚ್ಚಿಗೆ ಕಂಡಿದ್ದು ವರ್ಷಕ್ಕೆ 1000 ಜನಕ್ಕೆ 18 ಮಂದಿಯಲ್ಲಿ. ಇಲ್ಲ ಅಂತಲ್ಲ, ನಾವು ಅಂದ್ಕೊಂಡಷ್ಟಿಲ್ಲ. ಡಮ್ಮಿ ಮಾತ್ರೆ ತಗೊಂಡೋರೂ ಸುಸ್ತು ಅಂದಿದ್ರು. ರಕ್ತ ಕಮ್ಮಿ ಇರೋದು, ಥೈರಾಯ್ಡ್, ನಿದ್ದೆ ಸರಿ ಇಲ್ಲದಿರೋದು, ಹೃದಯದ ಕಾಯಿಲೆನೇ ಸುಸ್ತು ಕೊಡೋದು, ಇವನ್ನೆಲ್ಲ ಯಾರೂ ನೋಡದೇ ಮಾತ್ರೆ ಮೇಲೆ ಹಾಕಿಬಿಡೋದು ತುಂಬಾ ನಡೆಯತ್ತೆ. ಮಾತ್ರೆ ಶುರು ಮಾಡೋ ಮುಂಚೆನೂ ಸುಸ್ತು ಇತ್ತಾ? ಈ ಒಂದು ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಬರ್ಕೊಳ್ಳಿ.

ವ್ಯಾಯಾಮ ಮಾಡೋರಿಗೆ ಇನ್ನೊಂದು ಮಾತು. ಎಷ್ಟು ಓಡಿದ್ರೂ ಪಲ್ಸ್ ಮೊದಲಿನಷ್ಟು ಏರಲ್ಲ, ಕೈಗಡಿಯಾರ ತೋರಿಸೋ ಟಾರ್ಗೆಟ್ ಮುಟ್ಟಲ್ಲ. 220ರಿಂದ ವಯಸ್ಸು ಕಳೆಯೋ ಲೆಕ್ಕ ಈ ಮಾತ್ರೆ ತಗೊಳ್ಳೋರಿಗೆ ಲಾಗು ಆಗಲ್ಲ, ಆ ನಂಬರ್ ಮುಟ್ಟಲೇಬೇಕು ಅಂತ ಮೈ ಮುರೀಬೇಡಿ. ನಡೀತಾ ಮಾತಾಡೋಕೆ ಆಗ್ತಿದೆ, ಹಾಡೋಕೆ ಆಗ್ತಿಲ್ಲ ಅನ್ನೋ ಮಟ್ಟದಲ್ಲಿದ್ರೆ ಸರಿಯಾಗಿದೆ.

ತಲೆಸುತ್ತು. ಮಲಗಿದ್ದವರು ದಡಕ್ಕನೆ ಎದ್ದಾಗ ಮಾತ್ರ ಬರತ್ತಾ, ಕೂತಲ್ಲೂ ಬರತ್ತಾ ಅಂತ ಬೇರೆ ಮಾಡಿ. ಎದ್ದಾಗ ಮಾತ್ರ ಅಂದ್ರೆ ಮನೆಯಲ್ಲೇ ನೋಡಬಹುದು: ಐದು ನಿಮಿಷ ಕೂತು ಅಥವಾ ಮಲಗಿ ಬಿಪಿ ನೋಡಿ, ಎದ್ದು ನಿಂತು ಒಂದು ನಿಮಿಷಕ್ಕೆ ಒಂದ್ಸಲ ಮೂರು ನಿಮಿಷಕ್ಕೆ ಇನ್ನೊಂದ್ಸಲ ನೋಡಿ. ಮೇಲಿನ ನಂಬರ್ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದ್ರೆ, ಇಲ್ಲ ಕೆಳಗಿನದು 10 ಇಳಿದ್ರೆ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಪಕ್ಕದಲ್ಲಿ ಯಾರಾದ್ರೂ ಇರಲಿ, ಒಬ್ಬರೇ ಇದನ್ನ ಮಾಡೋಕೆ ಹೋಗಿ ಬಿದ್ದು ಸೊಂಟ ಮುರ್ಕೋಬೇಡಿ. ಕಾರ್ವೆಡಿಲಾಲ್ ತಗೊಳ್ಳೋರಲ್ಲಿ ಈ ಥರ ತಲೆಸುತ್ತು ಸ್ವಲ್ಪ ಜಾಸ್ತಿ, ಯಾಕಂದ್ರೆ ಅದು ರಕ್ತನಾಳಾನೂ ಹಿಗ್ಗಿಸತ್ತೆ, ಅದಕ್ಕೇ ಅದನ್ನ ಊಟದ ಜೊತೆ ತಗೊಳ್ಳಿ ಅಂತ ಹೇಳೋದು. ಮೆಟೊಪ್ರೊಲಾಲ್ ಕೂಡ ಊಟದ ಜೊತೆ ಅಥವಾ ಊಟ ಆದ ತಕ್ಷಣ, ದಿನಾ ಒಂದೇ ರೀತಿ. ಒಂದಿನ ಖಾಲಿ ಹೊಟ್ಟೆ ಒಂದಿನ ಊಟ ಆದ್ಮೇಲೆ ಅಂತ ಮಾಡಿದ್ರೆ ರಕ್ತಕ್ಕೆ ಸೇರೋ ಪ್ರಮಾಣ ಏರುಪೇರಾಗತ್ತೆ.

ಅಂಗೈ ಅಂಗಾಲು ತಣ್ಣಗಾಗೋದು. ಕಿರಿಕಿರಿ ಹೌದು, ಹೆಚ್ಚಿನೋರಿಗೆ ಅಪಾಯ ಇಲ್ಲ. ಬೆರಳು ಬಿಳಿಚಿಕೊಂಡು ನೀಲಿ ಆಗ್ತಿದ್ರೆ, ಅಥವಾ ನಡೆದ್ರೆ ಮೀನಖಂಡ ಹಿಡ್ಕೊಳ್ಳೋದು ಜಾಸ್ತಿ ಆಗಿದ್ರೆ ಹೇಳಿ.

ನಿದ್ದೆ ಮತ್ತೆ ಕನಸು. ವಿಚಿತ್ರ ಕನಸು, ಮಧ್ಯರಾತ್ರಿ ಎಚ್ಚರ, ಇದನ್ನ ಹೇಳ್ಕೊಳ್ಳೋಕೆ ಜನ ಸಂಕೋಚ ಪಡ್ತಾರೆ, ಮಾತ್ರೆಗೂ ಕನಸಿಗೂ ಏನು ಸಂಬಂಧ ಅಂತ ನಗ್ತಾರೇನೋ ಅಂತ. ಸಂಬಂಧ ಇದೆ. ಪ್ರೊಪ್ರನೊಲಾಲ್, ಮೆಟೊಪ್ರೊಲಾಲ್ ಕೊಬ್ಬಿನಲ್ಲಿ ಕರಗೋ ಮಾತ್ರೆಗಳು, ಮೆದುಳಿಗೆ ಸುಲಭವಾಗಿ ಹೋಗ್ತವೆ, ಅಟೆನೊಲಾಲ್ ನೀರಿನಲ್ಲಿ ಕರಗೋದು, ಕಮ್ಮಿ ಹೋಗತ್ತೆ. ನಿದ್ದೆ ತರಿಸೋ ಮೆಲಟೋನಿನ್ ಅನ್ನೋ ಹಾರ್ಮೋನ್ ಬಿಡುಗಡೆ ಆಗೋದನ್ನೂ ಬೀಟಾ ಬ್ಲಾಕರ್ ಕಮ್ಮಿ ಮಾಡತ್ತೆ. ರಾತ್ರಿ ತಗೊಳ್ಳೋ ಮಾತ್ರೇನ ಬೆಳಗ್ಗೆಗೆ ಹಾಕ್ಕೋಬಹುದಾ, ಅಥವಾ ಬೇರೆ ಮಾತ್ರೆ ಕೊಡ್ತೀರಾ ಅಂತ ಕೇಳಿ, ಇದು ನ್ಯಾಯವಾದ ಪ್ರಶ್ನೆ. ಕಿಡ್ನಿ ತೊಂದರೆ ಇರೋರು ಮಾತ್ರ ಅಟೆನೊಲಾಲ್ ವಿಷಯದಲ್ಲಿ ಹುಷಾರು, ಅದು ಕಿಡ್ನಿ ಮೂಲಕನೇ ಹೊರಗೆ ಹೋಗೋದು, ಡೋಸ್ ಕಮ್ಮಿ ಬೇಕಾಗತ್ತೆ.

ಗಂಡಸರ ಲೈಂಗಿಕ ತೊಂದರೆ. ಇದರ ಬಗ್ಗೆ ಕೇಳೋರೂ ಬಹಳ, ಮುಖ ನೋಡಿ ಕೇಳೋರು ಕಮ್ಮಿ. ಮೇಲೆ ಹೇಳಿದ 2002ರ ಲೆಕ್ಕದಲ್ಲಿ ಡಮ್ಮಿ ಮಾತ್ರೆಗಿಂತ ಹೆಚ್ಚಿಗೆ ಕಂಡಿದ್ದು ವರ್ಷಕ್ಕೆ 1000ಕ್ಕೆ 5 ಜನದಲ್ಲಿ. 2003ರ ಇನ್ನೊಂದು ಸಣ್ಣ ಅಧ್ಯಯನ ಇನ್ನೂ ಸ್ವಾರಸ್ಯ. 96 ಗಂಡಸರಿಗೆ ಅಟೆನೊಲಾಲ್ ಕೊಟ್ರು. ಯಾವ ಮಾತ್ರೆ ಅಂತಲೇ ಹೇಳದ ಗುಂಪಲ್ಲಿ ಸುಮಾರು ಶೇ. 3 ಜನ ತೊಂದರೆ ಹೇಳಿದ್ರು, ಮಾತ್ರೆ ಹೆಸರು ಮಾತ್ರ ಹೇಳಿದ ಗುಂಪಲ್ಲಿ ಸುಮಾರು ಶೇ. 16, ಹೆಸರಿನ ಜೊತೆ ಈ ಸೈಡ್ ಎಫೆಕ್ಟ್ ಬರಬಹುದು ಅಂತಾನೂ ಹೇಳಿದ ಗುಂಪಲ್ಲಿ ಸುಮಾರು ಶೇ. 31. ಮಾತ್ರೆ ಒಂದೇ! ಅಂದ್ರೆ ಎಲ್ಲಾ ನಿಮ್ಮ ಭ್ರಮೆ ಅಂತ ನಾನು ಹೇಳ್ತಿಲ್ಲ, ಹೆದರಿಕೆಯಿಂದ ಹುಟ್ಟಿದ ತೊಂದರೆನೂ ಅನುಭವಿಸೋರಿಗೆ ನಿಜವೇ, ಜೊತೆಗೆ ಬಿಪಿ, ಶುಗರ್, ರಕ್ತನಾಳದ ಕಾಯಿಲೆ ಇವೂ ಇದೇ ತೊಂದರೆ ಕೊಡ್ತವೆ. ಡಾಕ್ಟರಿಗೆ ನೇರವಾಗಿ ಹೇಳಿ, ಬದಲಿ ಮಾತ್ರೆ ಇದೆ, ಚಿಕಿತ್ಸೆನೂ ಇದೆ. ಒಂದೇ ಎಚ್ಚರ: ಹಾರ್ಟ್ ಪೇಷೆಂಟ್ ಎದೆನೋವಿಗೆ ನೈಟ್ರೇಟ್ ಮಾತ್ರೆ, ನಾಲಗೆ ಕೆಳಗೆ ಇಡೋದೂ ಸೇರಿ, ತಗೊಳ್ತಿದ್ರೆ ಸಿಲ್ಡೆನಾಫಿಲ್ (ವಯಾಗ್ರ) ಥರದ ಮಾತ್ರೇನ ಗುಟ್ಟಾಗಿ ತಂದು ನುಂಗಬಾರದು, ಬಿಪಿ ಪ್ರಾಣಾಪಾಯ ಆಗೋ ಮಟ್ಟಕ್ಕೆ ಬೀಳಬಹುದು.

ಮನಸ್ಸು ಕುಗ್ಗೋದು. ಬೀಟಾ ಬ್ಲಾಕರ್ ಡಿಪ್ರೆಶನ್ ತರತ್ತೆ ಅಂತ ಹಳೇ ಕಾಲದಿಂದ ನಂಬಿಕೆ, ಒಟ್ಟುಗೂಡಿಸಿ ನೋಡಿದ ಅಧ್ಯಯನಗಳಲ್ಲಿ ಅದು ಗಟ್ಟಿಯಾಗಿ ಕಂಡಿಲ್ಲ. ಹಾರ್ಟ್ ಅಟ್ಯಾಕ್ ಆದ್ಮೇಲೆ ಮನಸ್ಸು ಕುಗ್ಗೋದು ತುಂಬಾ ಸಾಮಾನ್ಯ, ಮಾತ್ರೆ ಶುರುವಾಗೋದೂ ಅದೇ ಹೊತ್ತಿಗೆ, ಎರಡೂ ಗಂಟು ಹಾಕ್ಕೊಳ್ತವೆ. ಕಾರಣ ಯಾವುದಾದ್ರೂ ಹೇಳ್ಕೊಳ್ಳಿ, ಒಳಗೇ ಇಟ್ಕೋಬೇಡಿ.

ತೂಕ ಒಂದು ಕೆಜಿ ಆಸುಪಾಸು ನಿಧಾನಕ್ಕೆ ಏರೋದು ಕಂಡುಬರತ್ತೆ, ಸೋರಿಯಾಸಿಸ್ ಇರೋರಿಗೆ ಚರ್ಮದ ತೊಂದರೆ ಜಾಸ್ತಿ ಆಗಬಹುದು, ಹೊಟ್ಟೆ ಕೆಡೋದು ಕೆಲವರಿಗೆ. ಇವು ಸಣ್ಣವು. ಆದ್ರೆ ಹಾರ್ಟ್ ಫೇಲ್ಯೂರ್ ಇರೋರಿಗೆ ಮೂರು ದಿನದಲ್ಲಿ 2 ಕೆಜಿಗಿಂತ ಜಾಸ್ತಿ ಏರಿದ್ರೆ ಅದು ಕೊಬ್ಬಲ್ಲ, ಮೈಯಲ್ಲಿ ನೀರು ತುಂಬ್ತಿರೋದು, ಅವತ್ತೇ ಫೋನ್ ಮಾಡಿ.

5. ಇವು ಕಂಡ್ರೆ ಕಾಯಬೇಡಿ

ಎಚ್ಚರ ತಪ್ಪಿ ಬೀಳೋದು. ಉಸಿರಾಡುವಾಗ ಸೀಟಿ ಹೊಡೆದಂಗೆ ಸದ್ದು ಬರೋದು, ಉಬ್ಬಸ. ಮಲಗಿದ್ರೆ ಉಸಿರು ಕಟ್ಟಿ ಎದ್ದು ಕೂರೋ ಹಾಗಾಗೋದು. ಎದೆನೋವು, ಹೊಸದಾಗಿ ಬಂದಿದ್ರೂ ಮೊದಲಿಗಿಂತ ಜಾಸ್ತಿ ಆದ್ರೂ. ತುಟಿ, ಮುಖ, ಗಂಟಲು ಊದ್ಕೊಳ್ಳೋದು. ಗೊತ್ತಿಲ್ಲದೆ ಡೋಸ್ ಮೇಲೆ ಡೋಸ್ ತಗೊಂಡಿದ್ದು ಗೊತ್ತಾದ್ರೆ, ಏನೂ ತೊಂದರೆ ಕಾಣದಿದ್ರೂ ಸರಿ, ಹೋಗಿ, ನಿಧಾನಕ್ಕೆ ಬಿಡುಗಡೆ ಆಗೋ ಮಾತ್ರೆ ಆಗಿದ್ರೆ ತೊಂದರೆ ಗಂಟೆಗಳಾದ್ಮೇಲೆ ಕಾಣಿಸ್ಕೋಬಹುದು. ಹೋಗುವಾಗ ಸ್ಟ್ರಿಪ್ ಜೊತೇಲಿ ತಗೊಂಡು ಹೋಗಿ.

6. ಶುಗರ್, ಆಸ್ತಮಾ, ಅಲರ್ಜಿ ಇರೋರು ಇದನ್ನ ಎರಡು ಸಲ ಓದಿ

ಶುಗರ್‌ಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತಗೊಳ್ಳೋರಿಗೆ ಶುಗರ್ ಲೋ ಆದಾಗ ಕೈ ನಡುಗತ್ತೆ, ಎದೆ ಹೊಡ್ಕೊಳ್ಳತ್ತೆ, ಅದನ್ನ ನೋಡೇ ಎಚ್ಚೆತ್ಕೊಳ್ಳೋದು. ಬೀಟಾ ಬ್ಲಾಕರ್ ಈ ಎರಡು ಸೂಚನೆನೂ ಮುಚ್ಚಿಹಾಕಬಹುದು. ಬೆವರು ಮಾತ್ರ ಮುಚ್ಚಿಹೋಗಲ್ಲ. ಹಾಗಾಗಿ ಕಾರಣ ಇಲ್ಲದೆ ತಣ್ಣನೆ ಬೆವರು, ವಿಪರೀತ ಹಸಿವು, ಗೊಂದಲ, ಮಾತು ತೊದಲೋದು ಅನ್ನಿಸಿದ್ರೆ ಎದೆ ಹೊಡ್ಕೊಳ್ತಿಲ್ಲವಲ್ಲ ಅಂತ ಸುಮ್ನೆ ಇರಬೇಡಿ, ಗ್ಲುಕೋಮೀಟರ್‌ನಲ್ಲಿ ನೋಡಿ, 70ಕ್ಕಿಂತ ಕಮ್ಮಿ ಇದ್ರೆ ತಕ್ಷಣ ಸಕ್ಕರೆ ಅಥವಾ ಗ್ಲೂಕೋಸ್ ತಗೊಳ್ಳಿ. ನೋಡೋ ಮೆಷಿನ್ ಹತ್ರ ಇಲ್ಲ ಅಂದ್ರೂ ಮೊದಲು ಸಕ್ಕರೆ, ಆಮೇಲೆ ಯೋಚನೆ. ಮನೆಯವರಿಗೂ ಇದನ್ನ ಹೇಳಿಟ್ಟಿರಿ, ಆ ಹೊತ್ತಲ್ಲಿ ನಿಮ್ಮ ತಲೆ ಓಡದೇ ಇರಬಹುದು.

ಆಸ್ತಮಾ ಇದ್ರೆ ಪ್ರೊಪ್ರನೊಲಾಲ್ ಥರದ್ದು ಬೇಡವೇ ಬೇಡ. ಬೀಟಾ-1 ಮಾತ್ರೆಗಳನ್ನ ಕೆಲವರಿಗೆ ಎಚ್ಚರಿಕೆಯಿಂದ ಕೊಡ್ತಾರೆ, ಅದು ಡಾಕ್ಟರ್ ತೀರ್ಮಾನ, ಆದ್ರೆ ಇನ್ಹೇಲರ್ ಮೊದಲಿನಷ್ಟು ಕೆಲಸ ಮಾಡ್ತಿಲ್ಲ ಅನ್ನಿಸಿದ ದಿನವೇ ಹೇಳಬೇಕು. ಯಾವುದಕ್ಕಾದ್ರೂ ಜೋರು ಅಲರ್ಜಿ ಆಗೋ ಇತಿಹಾಸ ಇದ್ರೂ ಮೊದಲೇ ತಿಳಿಸಿ, ಯಾಕಂದ್ರೆ ಅಂಥ ಹೊತ್ತಲ್ಲಿ ಪ್ರಾಣ ಉಳಿಸೋ ಅಡ್ರಿನಾಲಿನ್ ಇಂಜೆಕ್ಷನ್ ಈ ಮಾತ್ರೆ ತಗೊಳ್ಳೋರಲ್ಲಿ ಅಷ್ಟಾಗಿ ಕೆಲಸ ಮಾಡದೇ ಇರಬಹುದು. ಇಂಜೆಕ್ಷನ್ ಬೇಡ ಅಂತಲ್ಲ, ಅದನ್ನ ಕೊಡಲೇಬೇಕು, ಆದ್ರೆ ನೀವು ಬೀಟಾ ಬ್ಲಾಕರ್ ತಗೊಳ್ತೀರ ಅನ್ನೋದು ಎದುರಿಗಿರೋ ಡಾಕ್ಟರಿಗೆ ಗೊತ್ತಿರಬೇಕು. ಗರ್ಭಿಣಿಯರು, ಆಗೋ ಯೋಚನೆ ಇರೋರು ಮೊದಲೇ ಮಾತಾಡಿ. ಲ್ಯಾಬೆಟಲಾಲ್ ಅನ್ನೋದನ್ನ ಗರ್ಭಿಣಿಯರ ಬಿಪಿಗೆ ಬಳಸ್ತಾರೆ, ಅಟೆನೊಲಾಲ್ ಸಾಮಾನ್ಯವಾಗಿ ತಪ್ಪಿಸ್ತಾರೆ.

7. ಜೊತೆಗಿರೋ ಬೇರೆ ಔಷಧಿ ಕಿತಾಪತಿ ಮಾಡ್ತಿದೆಯಾ ನೋಡಿ

ವರ್ಷಗಟ್ಟಲೆ ಬೀಟಾ ಬ್ಲಾಕರ್ ಆರಾಮಾಗಿ ತಗೊಂಡು, ಈಗ ಇದ್ದಕ್ಕಿದ್ದಂಗೆ ತಲೆಸುತ್ತು ಶುರುವಾಗಿದ್ರೆ, ಇತ್ತೀಚೆಗೆ ಹೊಸದಾಗಿ ಏನು ಸೇರ್ಕೊಂಡಿದೆ ಅಂತ ಹುಡುಕಿ. ವೆರಾಪಮಿಲ್, ಡಿಲ್ಟಿಯಾಜೆಮ್, ಡಿಗಾಕ್ಸಿನ್, ಅಮಿಯೋಡರೋನ್ ಇವೂ ಬಡಿತ ನಿಧಾನ ಮಾಡೋವೇ, ಸೇರಿದ್ರೆ ಪಲ್ಸ್ ಅತಿಯಾಗಿ ಬೀಳಬಹುದು. ಮೆಟೊಪ್ರೊಲಾಲನ್ನ ಲಿವರ್‌ನಲ್ಲಿ ಕರಗಿಸೋ ಎನ್‌ಜೈಮ್ ಒಂದಿದೆ, ಡಿಪ್ರೆಶನ್‌ಗೆ ಕೊಡೋ ಫ್ಲುಯಾಕ್ಸೆಟಿನ್, ಪ್ಯಾರಾಕ್ಸೆಟಿನ್, ಬುಪ್ರೊಪಿಯಾನ್, ಫಂಗಸ್‌ಗೆ ಕೊಡೋ ಟರ್ಬಿನಾಫಿನ್ ಇವು ಅದನ್ನ ತಡೀತವೆ, ಆಗ ನೀವು ನುಂಗ್ತಿರೋದು 50 ಎಂಜಿನೇ ಆದ್ರೂ ರಕ್ತದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಡೋಸ್ ತಗೊಂಡಂಗೆ ಆಗತ್ತೆ. ಉಲ್ಟಾನೂ ಇದೆ, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಮತ್ತೆ ಮೂಗು ಕಟ್ಟಿದ್ದಕ್ಕೆ ಕೊಡೋ ಸೂಡೊಎಫೆಡ್ರಿನ್ ಬಿಪಿ ಏರಿಸ್ತವೆ.

ಯಾರೂ ಲೆಕ್ಕಕ್ಕೇ ತಗೊಳ್ಳದ ಒಂದು ವಸ್ತು ಅಂದ್ರೆ ಗ್ಲಾಕೋಮಾಗೆ, ಅಂದ್ರೆ ಕಣ್ಣಿನ ಒತ್ತಡಕ್ಕೆ ಹಾಕೋ ಟಿಮೊಲಾಲ್ ಡ್ರಾಪ್ಸ್. ಅದೂ ಬೀಟಾ ಬ್ಲಾಕರೇ! ಕಣ್ಣಿಂದ ಮೂಗಿಗೆ ಇಳಿದು ರಕ್ತಕ್ಕೆ ಸೇರತ್ತೆ, ಪಲ್ಸ್ ಇಳಿಸತ್ತೆ, ಆಸ್ತಮಾ ಕೆರಳಿಸತ್ತೆ. ಹಾರ್ಟ್ ಡಾಕ್ಟರಿಗೆ ಕಣ್ಣಿನ ಡ್ರಾಪ್ಸ್ ಬಗ್ಗೆ ಗೊತ್ತಿರಲ್ಲ, ಕಣ್ಣಿನ ಡಾಕ್ಟರಿಗೆ ಹಾರ್ಟ್ ಮಾತ್ರೆ ಬಗ್ಗೆ ಗೊತ್ತಿರಲ್ಲ, ಇಬ್ಬರಿಗೂ ಹೇಳಬೇಕಾದೋರು ನೀವೇ. ಡ್ರಾಪ್ಸ್ ಹಾಕಿದ್ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೇನ ಒಂದೆರಡು ನಿಮಿಷ ಬೆರಳಲ್ಲಿ ಮೆತ್ತಗೆ ಒತ್ತಿ ಹಿಡಿದ್ರೆ ಒಳಗೆ ಹೋಗೋದು ಕಮ್ಮಿ ಆಗತ್ತೆ.

8. ಡೋಸ್ ಮರೆತ್ರೆ, ನಿಲ್ಲಿಸಬೇಕಾದ್ರೆ

ಮರೆತಿದ್ದು ನೆನಪಾದ ತಕ್ಷಣ ತಗೊಳ್ಳಿ, ಆದ್ರೆ ಮುಂದಿನ ಡೋಸ್ ಹೊತ್ತು ಹತ್ರ ಬಂದಿದ್ರೆ ಮರೆತಿದ್ದನ್ನ ಬಿಟ್ಟುಬಿಡಿ. ಎರಡೂ ಸೇರಿಸಿ ನುಂಗೋದು ಮಾತ್ರ ಬೇಡ. ವಾಂತಿ ಭೇದಿ ಆಗಿ ಮಾತ್ರೆನೇ ಹೊಟ್ಟೇಲಿ ನಿಲ್ತಿಲ್ಲ ಅಂದ್ರೆ ಫೋನ್ ಮಾಡಿ ಕೇಳಿ, ನೀವೇ ಹೊಸ ಲೆಕ್ಕ ಹಾಕ್ಬೇಡಿ.

ದಿಢೀರ್ ನಿಲ್ಲಿಸಬಾರದು ಅಂತ ಶುರುವಲ್ಲೇ ಹೇಳಿದ್ನಲ್ಲ, ಕಾರಣ ಇದು. ತುಂಬಾ ದಿನ ಸೀಟುಗಳು ಸಿಗದೇ ಇದ್ದಾಗ ಮೈ ಹೊಸ ಸೀಟುಗಳನ್ನ ಹಾಕ್ಕೊಳ್ಳತ್ತೆ, ಅಂದ್ರೆ ರಿಸೆಪ್ಟರ್‌ಗಳ ಸಂಖ್ಯೆ ಏರತ್ತೆ. ಮಾತ್ರೆ ಒಮ್ಮೆಗೇ ನಿಂತ್ರೆ ಎಲ್ಲಾ ಖಾಲಿ ಆಗಿ ಅಡ್ರಿನಾಲಿನ್‌ಗೆ ಮೊದಲಿಗಿಂತ ಜಾಸ್ತಿ ಜಾಗ ಸಿಗತ್ತೆ, ಬಡಿತ ನುಗ್ಗತ್ತೆ, ಬಿಪಿ ಏರತ್ತೆ, ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇರೋರಿಗೆ ಎದೆನೋವು, ಹಾರ್ಟ್ ಅಟ್ಯಾಕ್ ಕೂಡ ಆಗಬಹುದು. ಅದಕ್ಕೇ ನಿಲ್ಲಿಸಬೇಕಾದ್ರೆ ಒಂದೆರಡು ವಾರದಲ್ಲಿ ಹಂತ ಹಂತವಾಗಿ ಇಳಿಸ್ತಾರೆ. ಊರು ಬಿಟ್ಟು ಹೋಗುವಾಗ ಮಾತ್ರೆ ಮುಗಿದುಹೋಗಿ ಹೀಗಾಗೋದೂ ಇದೆ, ಸ್ಟ್ರಿಪ್‌ನಲ್ಲಿ ವಾರಕ್ಕಾಗೋಷ್ಟು ಉಳಿದಾಗಲೇ ತಂದಿಟ್ಕೊಳ್ಳಿ. ಆಪರೇಷನ್‌ಗೆ ಹೋಗ್ತಿದ್ರೂ ನೀವೇ ನಿಲ್ಲಿಸ್ಬೇಡಿ, ಅರಿವಳಿಕೆ ಕೊಡೋ ಡಾಕ್ಟರಿಗೆ ಹೇಳಿ, ಬೆಳಗ್ಗೆ ತಗೋಬೇಕಾ ಬೇಡ್ವಾ ಅಂತ ಅವರೇ ಹೇಳ್ತಾರೆ. ಟ್ರೆಡ್‌ಮಿಲ್ ಟೆಸ್ಟ್‌ಗೂ ಇದೇ ಮಾತು.

9. ಡಾಕ್ಟರ್ ಹತ್ರ ಹೋಗೋವಾಗ ಹೀಗೆ ಬರ್ಕೊಂಡು ಹೋಗಿ

"ತುಂಬಾ ಸುಸ್ತು ಡಾಕ್ಟ್ರೇ" ಅಂದ್ರೆ ಅವರು ತಲೆ ಆಡಿಸಿ ವಿಟಮಿನ್ ಬರೆದುಕೊಡಬಹುದು. ಅದರ ಬದಲು ಚೀಟಿ ಮೇಲೆ ಹೀಗಿರಲಿ: "ಮೆಟೊಪ್ರೊಲಾಲ್ ಸಕ್ಸಿನೇಟ್ 50 ಎಂಜಿ, ರಾತ್ರಿ ಊಟ ಆದ್ಮೇಲೆ. 25ರಿಂದ 50 ಮಾಡಿ ಮೂರು ವಾರ ಆಯ್ತು. ಸುಸ್ತು ಶುರುವಾಗಿದ್ದು 50 ಆದ್ಮೇಲೆ. ಬೆಳಗ್ಗೆ ಪಲ್ಸ್ 48, 51, 47, 49. ಕೂತಾಗ ಬಿಪಿ 118/74, ನಿಂತಾಗ 96/64, ಆಗ ಕಣ್ಣು ಕತ್ತಲೆ. ಹೊಸದಾಗಿ ಸೇರಿದ್ದು: ಟಿಮೊಲಾಲ್ ಕಣ್ಣಿನ ಡ್ರಾಪ್ಸ್." ಇಷ್ಟು ಕೈಗೆ ಕೊಟ್ರೆ ಯಾವ ಡಾಕ್ಟರಿಗಾದ್ರೂ ಎಲ್ಲಿ ಕೈ ಹಾಕಬೇಕು ಅಂತ ಗೊತ್ತಾಗತ್ತೆ, ಇಸಿಜಿ ತೆಗೆಸ್ತಾರೆ, ಡೋಸ್ ಇಳಿಸ್ತಾರೆ, ಡ್ರಾಪ್ಸ್ ಬದಲಿಸೋಕೆ ಕಣ್ಣಿನ ಡಾಕ್ಟರಿಗೆ ಬರೀತಾರೆ.

ಹಾರ್ಟ್ ಫೇಲ್ಯೂರ್‌ಗೆ ಶುರು ಮಾಡಿರೋರು ಮಾತ್ರ ಸ್ವಲ್ಪ ತಾಳ್ಮೆ ಇಟ್ಕೊಳ್ಳಿ. ಅಲ್ಲಿ ಮೆಟೊಪ್ರೊಲಾಲ್ ಸಕ್ಸಿನೇಟ್ ಆದ್ರೆ 12.5 ಅಥವಾ 25 ಎಂಜಿಯಿಂದ ಶುರು ಮಾಡಿ, ಒಗ್ಗಿದ್ರೆ ಎರಡು ವಾರಕ್ಕೊಮ್ಮೆ ಏರಿಸ್ತಾ ಹೋಗ್ತಾರೆ, ಮೊದಲಿಗೆ ಸುಸ್ತು ಇನ್ನೂ ಜಾಸ್ತಿ ಆದಂಗೆ ಅನ್ನಿಸಿ ಆಮೇಲೆ ತಿಂಗಳುಗಳ ಮೇಲೆ ಸುಧಾರಣೆ ಕಾಣೋದು ಅಲ್ಲಿ ಮಾಮೂಲು. ಉಸಿರಾಟ ಹದಗೆಟ್ರೆ ಕಾಯೋದು ಬೇಡ.

ಹಾರ್ಟ್ ಅಟ್ಯಾಕ್ ಆಗಿ ವರ್ಷಗಳಾಗಿ, ಈಗ ಪಂಪಿಂಗ್ ಚೆನ್ನಾಗಿದೆ ಅಂತ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಹೇಳ್ತಿದ್ರೆ ಇನ್ನೊಂದು ಪ್ರಶ್ನೆ ಕೇಳೋ ಹಕ್ಕು ನಿಮಗಿದೆ: "ಇದು ನನಗೆ ಇನ್ನೂ ಬೇಕಾ?" 2024ರಲ್ಲಿ ಬಂದ ರೆಡ್ಯೂಸ್-ಎಎಂಐ ಅನ್ನೋ ಅಧ್ಯಯನದಲ್ಲಿ, ಅಟ್ಯಾಕ್ ಆದ್ಮೇಲೂ ಪಂಪಿಂಗ್ (ಒಂದು ಬಡಿತಕ್ಕೆ ಹೃದಯ ತನ್ನೊಳಗಿನ ರಕ್ತದಲ್ಲಿ ಎಷ್ಟು ಪಾಲು ಹೊರಗೆ ತಳ್ಳತ್ತೆ ಅನ್ನೋದು) ಶೇ. 50 ಅಥವಾ ಅದಕ್ಕಿಂತ ಮೇಲಿದ್ದೋರಿಗೆ ಬೀಟಾ ಬ್ಲಾಕರ್ ಕೊಟ್ಟಿದ್ದರಿಂದ ಸಾವು ಅಥವಾ ಮತ್ತೊಂದು ಅಟ್ಯಾಕ್ ಕಮ್ಮಿ ಆಗಿದ್ದು ಕಂಡಿಲ್ಲ. ಅದೇ ವರ್ಷ ಫ್ರಾನ್ಸ್‌ನಲ್ಲಿ ನಡೆದ ಅಬಿಸ್ ಅಧ್ಯಯನದಲ್ಲಿ, ಆಗಲೇ ತಗೊಳ್ತಿದ್ದೋರು ನಿಲ್ಲಿಸಿದಾಗ ಆಸ್ಪತ್ರೆ ಸೇರೋರು ಸ್ವಲ್ಪ ಜಾಸ್ತಿ ಆದ್ರು. ಅದಕ್ಕೇ ಒಂದೇ ಉತ್ತರ ಎಲ್ಲರಿಗೂ ಹೊಂದಲ್ಲ. ಎದೆನೋವು ಇದೆಯಾ, ಬಡಿತ ತಾಳ ತಪ್ಪತ್ತಾ, ಬಿಪಿ ಎಷ್ಟಿದೆ ಇವೆಲ್ಲ ನೋಡಿ ಡಾಕ್ಟರ್ ಹೇಳಬೇಕು, ಎಕೋ ರಿಪೋರ್ಟ್ ತಗೊಂಡು ಹೋಗಿ ಎದುರು ಕೂತು ಕೇಳಿ.